ನಾಲ್ಕನೆಯವನು

ಐಲ್ಸಾ ಕೆರ್ ಆರು ವಾರಗಳಿಂದ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದಳು. ಅವನ ಹೆಸರು ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಜುಲೈ ತಿಂಗಳಲ್ಲಿ ಯಾರೋ ಒಬ್ಬರು ಅವಳ ಲೈಬ್ರರಿಯನ್ನು ಒಂದು ಸಲ ಇಳಿಸಿಕೊಂಡಿದ್ದರು, ಅದೂ ಹಳೆಯ ಪೈತಾನ್ ಇರುವ ಯಂತ್ರಕ್ಕೆ.

ಲೈಬ್ರರಿ ಎಂದರೆ ಪುಸ್ತಕಗಳದ್ದಲ್ಲ. ಬೇಲಿಗೂಟದ ಮೇಲೆ ಕೂರಿಸಿದ ಗಾಳಿಯಂತ್ರ, ಮಳೆಮಾಪಕ, ಉಷ್ಣಮಾಪಕ ಇವು ಹೇಳುವ ಅಂಕಿಗಳನ್ನು ಓದಿ, ಈಗತಾನೇ ತುಪ್ಪಟ ಕತ್ತರಿಸಿಕೊಂಡ ಕುರಿ ಬಯಲಿನಲ್ಲಿದ್ದರೆ ಬದುಕೀತೋ ಇಲ್ಲವೋ ಎಂದು ಹೇಳುವ ಒಂದು ಪ್ರೋಗ್ರಾಂ ತುಣುಕು. ಬೇಕಾದವರು ತಮ್ಮ ಯಂತ್ರಕ್ಕೆ ಹಾಕಿಕೊಂಡು ಬಳಸಬಹುದು. ಹನ್ನೊಂದು ವರ್ಷಗಳ ಹಿಂದೆ ಪೈತಾನ್ ಭಾಷೆಯನ್ನು ಪುಸ್ತಕ ಇಟ್ಟುಕೊಂಡು ಕಲಿತು ಅವಳೇ ಬರೆದದ್ದು. ಹೆಸರು ಪ್ಲವರ್. ಹುಲ್ಲಿನಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಟ್ಟು, ಯಾರಾದರೂ ಆ ಕಡೆ ಸುಳಿದರೆ ಕೂಗಿ ಕೂಗಿ ಬಯಲನ್ನೆಲ್ಲ ಎಬ್ಬಿಸುವ ಟಿಟ್ಟಿಭ ಹಕ್ಕಿಯ ಹೆಸರು ಅದು.

ಅದನ್ನು ಬರೆಯುವುದಕ್ಕೆ ಮೊದಲು ಐಲ್ಸಾಗೂ ಕುರಿಗಳಿದ್ದವು. ಭೂಮಿಯ ದಕ್ಷಿಣಾರ್ಧದ ಮೊನಾರೊ ಎತ್ತರದಲ್ಲಿ ಸೆಪ್ಟೆಂಬರ್ ಎಂದರೆ ಚಳಿಗಾಲ ಆಗಷ್ಟೇ ಮುಗಿದ ಹೊತ್ತು, ನಂಬುವ ತಿಂಗಳಲ್ಲ. ಬೆಳಿಗ್ಗೆ ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡುವಷ್ಟು ಬಿಸಿಲಿದ್ದರೂ ಮಧ್ಯಾಹ್ನ ಗಾಳಿ ದಕ್ಷಿಣಕ್ಕೆ ತಿರುಗಿ, ಜೊತೆಗೆ ಮಳೆಯೂ ಸೇರಿದರೆ, ಮೈಮೇಲೆ ಏನೂ ಇಲ್ಲದ ಕುರಿಗಳು ಬೇಲಿಯ ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದುಬಿಡುತ್ತವೆ. ಹನ್ನೆರಡು ವರ್ಷದ ಹಿಂದೆ ಹಾಗೇ ಆಗಿ, ಅವಳು ಬೇಲಿಯ ಮೂಲೆಯಿಂದ ಮುನ್ನೂರ ಹನ್ನೆರಡು ಸತ್ತ ಕುರಿಗಳನ್ನು ಎಳೆದು ಹಾಕಿದಳು. ಮುಂದಿನ ವರ್ಷ ನೆಲವನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಕಣಿವೆಯ ಊರು ಕೂರಾವಾಂಗ್‌ನ ಅಂಗಡಿಯಲ್ಲಿ ಕುರಿಯ ಔಷಧ, ಬೇಲಿ ತಂತಿ, ನಾಯಿ ತಿಂಡಿ ಮಾರುವ ಕೆಲಸಕ್ಕೆ ನಿಂತಳು. ಸಂಜೆಗಳಲ್ಲಿ ಪ್ಲವರ್ ಬರೆದಳು.

ಈಗ ಅದನ್ನು ನೋಡಿಕೊಳ್ಳುವವರು ಇಬ್ಬರು. ಇನ್ನೊಬ್ಬಳು ಪಾನಿಯಾ ರಾವಿರಿ. ನ್ಯೂಜಿಲೆಂಡಿನ ದಕ್ಷಿಣ ತುದಿಯವಳು, ಬಂದರಿನ ಕಚೇರಿಯಲ್ಲಿ ಕೆಲಸ. ಏಳು ವರ್ಷದಿಂದ ಇಬ್ಬರೂ ಪ್ರತಿ ಗುರುವಾರ ಬೆಳಿಗ್ಗೆ ಪರದೆಯ ಮೇಲೆ ಮುಖ ನೋಡಿಕೊಂಡು ಮಾತಾಡುತ್ತಾರೆ. ಎದುರಾಬದುರಾ ಒಮ್ಮೆಯೂ ಕಂಡವರಲ್ಲ.

"ಇವತ್ತೂ ಅವನ ಕತೆಯಿಂದಾನೇ ಶುರು ಮಾಡ್ತೀಯಾ?" ಎಂದಳು ಪಾನಿಯಾ, ಟೋಸ್ಟ್ ಕಚ್ಚುತ್ತ.

"ಒಬ್ಬ ಇದಾನಲ್ಲ, ಪಾನಿಯಾ."

"ನಾಲ್ಕು ಡೌನ್‌ಲೋಡು. ಹಳೇ ಏಳರಲ್ಲಿ ಇಡೀ ತಿಂಗಳಿಗೆ ನಾಲ್ಕು. ಅದರಲ್ಲಿ ಮೂರು ನಮ್ಮವೇ, ಪರೀಕ್ಷೆ ಮಾಡೋ ಯಂತ್ರಗಳದ್ದು. ಉಳಿದೋನು ಒಬ್ಬ. ಅವನೊಬ್ಬನಿಗೋಸ್ಕರ ಇನ್ನೂ ಎಷ್ಟು ವರ್ಷ ಈ ಏಳನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗೋಣ ಹೇಳು."

ಏಳು ಎಂದರೆ ಪೈತಾನ್ 3.7. ಭಾಷೆಯನ್ನು ಮಾಡುವವರೇ ಅದನ್ನು ಕೈಬಿಟ್ಟು ವರ್ಷ ದಾಟಿತ್ತು. ಅದರಲ್ಲಿ ತೂತು ಕಂಡರೆ ಮುಚ್ಚುವವರಿಲ್ಲ. ಪ್ಲವರ್ ಮಾತ್ರ ಇನ್ನೂ ಅದರ ಮೇಲೂ ನಡೆಯುತ್ತಿತ್ತು. ನಡೆಸಬೇಕಾದರೆ ಎಷ್ಟೋ ಸಾಲುಗಳನ್ನು ಎರಡೆರಡು ಬಗೆಯಾಗಿ ಬರೆಯಬೇಕು, ಏಳಕ್ಕೊಂದು, ಉಳಿದವಕ್ಕೊಂದು.

"ಹೋದ ಶನಿವಾರ ನನ್ನ ಮಗಳ ನೆಟ್‌ಬಾಲ್ ಪಂದ್ಯ ಇತ್ತು," ಎಂದಳು ಪಾನಿಯಾ. "ನಾನೆಲ್ಲಿದ್ದೆ ಗೊತ್ತಾ? ಇದೇ ಕುರ್ಚಿ. ಏಳರಲ್ಲಿ ಮಾತ್ರ ಕೆಡೋ ಒಂದು ಪರೀಕ್ಷೆ ಹಿಡ್ಕೊಂಡು ಕೂತಿದ್ದೆ. ಬೇರೆ ಎಲ್ಲಾದರಲ್ಲೂ ಸರಿಯಾಗಿ ಓಡುತ್ತೆ. ಏಳರಲ್ಲಿ ಬಿದ್ಕೊಳುತ್ತೆ. ಅವಳು ಮನೆಗೆ ಬಂದು, ಗೆದ್ವಮ್ಮ, ಅಂತ ಹೇಳಿ ರೂಮಿಗೆ ಹೋದ್ಲು."

ಐಲ್ಸಾ ಪರದೆಯ ಒಂದು ಬದಿಯಲ್ಲಿ ಪ್ಲವರ್‌ನ ಜಾಲಪುಟ ತೆರೆದಳು. ಆರು ವಾರದಿಂದ ಪ್ಲವರ್‌ನ ಪುಟದ ನೆತ್ತಿಯಲ್ಲೇ ದೊಡ್ಡಕ್ಷರದಲ್ಲಿ ಬರೆದು ಹಾಕಿದ್ದಳು: ಏಳನ್ನು ಬಿಡುತ್ತಿದ್ದೇವೆ, ಯಾರಿಗಾದರೂ ತೊಂದರೆಯಿದ್ದರೆ ದಯವಿಟ್ಟು ತಿಳಿಸಿ. ಬಳಸುವವರ ಇಮೇಲ್ ಪಟ್ಟಿಗೆ ಎರಡು ಸಲ ಕಳಿಸಿದ್ದಳು. ಒಂದೂ ಮಾರುತ್ತರ ಬಂದಿರಲಿಲ್ಲ. ಬಾರದ ಉತ್ತರವೇ ಅವಳನ್ನು ಕೊರೆಯುತ್ತಿತ್ತು. ಅವನು ಓದದೆ ಇರುವವನಿರಬಹುದು. ಎಲ್ಲೋ ಒಂದು ಗುಡ್ಡದ ಮೇಲೆ ಒಬ್ಬನೇ ಇರುವವನಿರಬಹುದು. ಅಂಗಡಿಯಲ್ಲಿ ಔಷಧದ ಡಬ್ಬಿಗಳನ್ನು ಜೋಡಿಸುವಾಗಲೂ ಅವಳ ಕಣ್ಣಿಗೆ ಆ ಮನುಷ್ಯ ಕಟ್ಟುತ್ತಿದ್ದ. ಬರಬರುತ್ತ ಅವನಿಗೆ ಒಂದು ಹಸಿರು ಸ್ವೆಟರೂ ಒಂದು ಕುಂಟು ನಾಯಿಯೂ ಬಂದಿದ್ದವು.

"ಕೇಳು," ಪಾನಿಯಾಳ ದನಿ ಮೆತ್ತಗಾಯಿತು. "ಅವನಿಗೆ ಏನೂ ಆಗಲ್ಲ. ಹೊಸದರ ಮೇಲೆ ಬರೆದು ಹಾಕ್ತೀವಲ್ಲ, ಏಳರೋರು ಇದನ್ನ ಮುಟ್ಟಬೇಡಿ ಅಂತ. ಅವನ ಯಂತ್ರ ಬಂದು ಕೇಳಿದ್ರೆ ಹಳೇ ಪ್ಲವರೇ ಸಿಗುತ್ತೆ. ಹಳೇದು ಎಲ್ಲೂ ಓಡಿಹೋಗಲ್ಲ."

"ಆ ಸಾಲು ನಾನೇ ಬರೀತೀನಿ."

"ಬರಿ ತಾಯಿ. ಮೂರು ಸಲ ಬರಿ."

ಕೂರಾವಾಂಗ್ ಕಣಿವೆಯ ಯೋಚನೆ ಅವಳಿಗೆ ಬರಲಿಲ್ಲ ಎಂದಲ್ಲ. ಅಲ್ಲಿನ ಇಪ್ಪತ್ಮೂರು ಉಣ್ಣೆ ಶೆಡ್‌ಗಳಲ್ಲಿ ಅವಳೇ ಕೂರಿಸಿದ ಪುಟ್ಟ ಪೆಟ್ಟಿಗೆಗಳಿದ್ದವು. ಆದರೆ ಜೂನ್‌ನಲ್ಲಿ, ಚಳಿಗಾಲದ ಶುರುವಿಗೇ, ಅವುಗಳಿಗೆ ಪ್ಲವರ್ ಕಳಿಸುವ ಊರ ಹಾಲ್‌ನ ಕಂಪ್ಯೂಟರನ್ನು ಬದಲಾಯಿಸಿದ್ದರು. ಅವಳೇ ನಿಂತು ಹೊಸ ಪೈತಾನ್ ಹಾಕಿಸಿದ್ದಳು. ಪ್ಲವರ್ ಅದಕ್ಕೆ ಸೊಗಸಾಗಿ ಇಳಿದಿತ್ತು. ಕಣಿವೆಯ ಕೆಲಸ ಮುಗಿಯಿತು ಎಂದು ಅಂದೇ ಮನಸ್ಸಿನಲ್ಲಿ ಗೆರೆ ಎಳೆದುಬಿಟ್ಟಿದ್ದಳು.

ಮರುದಿನ ಶುಕ್ರವಾರ ಕ್ಲೆಮ್ ಹ್ಯಾಲೊರನ್ ಅಂಗಡಿಗೆ ಬಂದ. ಎಪ್ಪತ್ಮೂರರ ಮುದುಕ. ಐಲ್ಸಾಗೆ ಐವತ್ತಾರು ತುಂಬಿದ್ದರೂ ಅವನ ಬಾಯಲ್ಲಿ ಅವಳು ಇನ್ನೂ ಹುಡುಗಿ.

"ಸೋಮವಾರ ತುಪ್ಪಟ ಕತ್ತರಿಸೋರು ಬರ್ತಾರೆ, ಹುಡುಗಿ. ಎರಡು ದಿನದ ಕೆಲಸ. ಆರುನೂರ ನಲವತ್ತು ಕುರಿ, ಎಲ್ಲಾ ಗಬ್ಬ."

"ಗುರುವಾರ ಹವಾ ಬದಲಾಗುತ್ತೆ ಅಂತಿದಾರೆ ಕ್ಲೆಮ್. ಒಂದು ವಾರ ತಡ್ಕೋಬಾರದಾ?"

"ಕತ್ತರಿಸೋರು ತಡ್ಕೊಳ್ತಾರಾ? ನನ್ನ ಸರದಿ ಬಿಟ್ರೆ ಅಕ್ಟೋಬರ್ ಕೊನೆಗೆ ಬರ್ತಾರೆ, ಅಷ್ಟ್ರಲ್ಲಿ ಮರಿ ಹಾಕಿರ್ತಾವೆ." ಅವನು ಗಲ್ಲ ಕೆರೆದುಕೊಂಡ. "ರೇಡಿಯೋದಲ್ಲಿ ಹೇಳೋ ಗುರುವಾರ ಎಲ್ಲರ ಗುರುವಾರ. ನನ್ನ ಗುಡ್ಡದ ಗುರುವಾರ ಯಾವತ್ತು ಬರುತ್ತೆ ಅಂತ ನಿನ್ನ ಹಕ್ಕಿಗೆ ಗೊತ್ತು. ಅದು ಕೂಗಿದ್ರೆ ಇಳಿಸ್ತೀನಿ, ಕೂಗದಿದ್ರೆ ಅಲ್ಲೇ ಮೇಯ್ಲಿ. ನಾಲ್ಕು ವರ್ಷದಿಂದ ಒಂದು ಸಲಾನೂ ಸುಳ್ಳು ಕೂಗಿಲ್ಲ ಅದು. ಅದಕ್ಕೇ ನನಗೆ ಅದು ಇಷ್ಟ. ಜನ ನೋಡು, ಸುಮ್ಸುಮ್ನೆ ಕೂಗ್ತಿರ್ತಾರೆ."

ಅದು ಅವಳ ಹೆಮ್ಮೆಯ ಮಾತೂ ಆಗಿತ್ತು. ಬೇಕಾದಾಗ ಮಾತ್ರ ಕೂಗಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡಿರಬೇಕು ಎಂದೇ ಪ್ಲವರನ್ನು ಕಟ್ಟಿದ್ದಳು. ಕ್ಲೆಮ್ ತನ್ನ ಶೆಡ್‌ನ ಪೆಟ್ಟಿಗೆಗೆ ಹಳೆಯ ಯೂಟ್ ಒಂದರ, ಸರಕು ಹೇರುವ ಸಣ್ಣ ಗಾಡಿಯ, ಹಾರ್ನ್ ಕಿತ್ತು ಸಿಕ್ಕಿಸಿದ್ದ. ಅದು ಕೂಗಿದರೆ ಗುಡ್ಡದ ಆಚೆಯ ನಾಯಿಗಳೂ ಬೊಗಳುತ್ತಿದ್ದವು.

ಅವನ ಯೂಟ್ ಧೂಳೆಬ್ಬಿಸಿಕೊಂಡು ಹೋದ ಮೇಲೆ ಐಲ್ಸಾ ಒಳಗಿನ ಮೇಜಿಗೆ ಬಂದು ಲ್ಯಾಪ್‌ಟಾಪ್ ತೆರೆದಳು. ಆ ಒಂದು ಸಾಲನ್ನು ಬರೆದಳು: ಏಳಕ್ಕಿಂತ ಮೇಲಿನವಕ್ಕೆ ಮಾತ್ರ. ಓದಿದಳು. ಎದ್ದು ಹೋಗಿ ಗಿರಾಕಿಯೊಬ್ಬನಿಗೆ ಎರಡು ಸುರುಳಿ ತಂತಿ ತೂಗಿಕೊಟ್ಟು ಬಂದು ಮತ್ತೆ ಓದಿದಳು. ಸಾಲು ಸರಿಯಾಗಿಯೇ ಇತ್ತು. ಹಸಿರು ಸ್ವೆಟರಿನವನಿಗೆ ಮನಸ್ಸಿನಲ್ಲೇ ಒಂದು ಮಾತು ಹೇಳಿ, ಹೊಸ ಪ್ಲವರನ್ನು ಬಿಡುಗಡೆ ಮಾಡುವ ಗುಂಡಿ ಒತ್ತಿದಳು.

ಶನಿವಾರ ಯಾರೂ ಬೈಯಲಿಲ್ಲ. ಭಾನುವಾರವೂ ಇಲ್ಲ. ಸೋಮವಾರ ಪುಟವನ್ನು ಹದಿನಾಲ್ಕು ಸಲ ತೆರೆದು ನೋಡಿದಳು. ಒಂದೇ ಒಂದು ದೂರು ಬಂದಿದ್ದರೆ ಅವಳ ಎದೆ ಹಗುರಾಗುತ್ತಿತ್ತು.

"ಎಲ್ಲಾ ಚೆನ್ನಾಗಿದೆ ಅಂತ ಅರ್ಥ," ಎಂದು ಪಾನಿಯಾ ಬರೆದು ಕಳಿಸಿದಳು. "ನಿನಗೆ ಚೆನ್ನಾಗಿರೋದು ತಡ್ಕೊಳ್ಳೋಕೆ ಆಗಲ್ಲ, ಅಷ್ಟೇ."

ಮಂಗಳವಾರ ಸಂಜೆ ಕ್ಲೆಮ್‌ನ ಗುಡ್ಡದ ಕಡೆಯಿಂದ ಬಂದ ಕತ್ತರಿಸುವವರ ವ್ಯಾನು ಅಂಗಡಿಯ ಮುಂದೆ ನಿಂತಿತು. ತಂಪು ಪಾನೀಯ ಕೊಂಡ ಹೆಂಗಸೊಬ್ಬಳು, "ಮುದುಕಂದು ಮುಗೀತು. ಬರಿಮೈ ಕುರಿ ಬಿಸಿಲಲ್ಲಿ ಎಷ್ಟು ಬೆಳ್ಳಗೆ ಕಾಣ್ತಾವೆ ಅಂತೀಯ, ದೂರದಿಂದ ಮೊಟ್ಟೆ ಚೆಲ್ಲಿದ ಹಾಗೆ," ಎಂದು ಹೇಳಿ ಹೋದಳು.

ಬುಧವಾರ ಬ್ರೆಡ್ಡಿನ ದಿನ, ಶುಕ್ರವಾರದ ಹಾಗೆ. ಕೂರಾವಾಂಗ್‌ನಿಂದ ಪಟ್ಟಣಕ್ಕೆ ಐವತ್ತೆರಡು ಕಿಲೋಮೀಟರ್. ಅಷ್ಟು ದೂರ ಹೋದವರು ತಮ್ಮದನ್ನಷ್ಟೇ ತಂದರೆ ಅವರನ್ನು ಜನ ಒಂದು ಥರ ನೋಡುತ್ತಾರೆ. ಯಾರು ಹೋದರೂ ದಾರಿಯುದ್ದದ ಎಲ್ಲರ ಬ್ರೆಡ್ಡು, ಎಲ್ಲರ ಔಷಧಿ, ಎಲ್ಲರ ಟಪಾಲು ತಂದು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಅವರವರು ಬಂದು ಒಯ್ಯುತ್ತಾರೆ. ಮೂರು ತಲೆಮಾರಿನಿಂದ ಹೀಗೇ ನಡೆದಿದೆ. ಆ ದಿನ ಹೋಗಿಬಂದವಳು ವೆರಾ ಮುಲ್ಡೂನ್. ಹನ್ನೆರಡಕ್ಕೆ ಎರಡು ತಟ್ಟೆ ತುಂಬ ಬ್ರೆಡ್ಡು ತಂದಿಟ್ಟಳು. ಪ್ರತಿ ಕಾಗದದ ಚೀಲದ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಹೆಸರು.

"ಬೇಕರಿಯಲ್ಲಿ ಹೊಸ ಹುಡುಗಿ ಬಂದಿದಾಳೆ," ವೆರಾ ನಗುತ್ತಿದ್ದಳು. "ನನ್ನನ್ನ ಹೊಟ್ಟೆ ತನಕ ನೋಡಿದ್ಲು. ಇಷ್ಟೂ ನೀವೊಬ್ರೇ ತಿಂತೀರಾ ಮೇಡಂ ಅಂದ್ಲು."

ಐಲ್ಸಾ ನಕ್ಕಳು. ಅದೇ ಹೊತ್ತಿಗೆ ಹೊರಗೆ ನೀರಿನ ತೊಟ್ಟಿಯ ತಗಡಿನ ಮುಚ್ಚಳ ಒಮ್ಮೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಆ ಮುಚ್ಚಳ ಬಡಿಯುವುದು ದಕ್ಷಿಣದ ಗಾಳಿಗೆ ಮಾತ್ರ.

ಅವಳ ಫೋನು ಕೂಗಿತು. ಅವಳ ಮನೆಯ ಬೇಲಿಗೂಟದ ಪ್ಲವರ್. ಗಾಳಿ ತಿರುಗಿದೆ, ಕೆಲವೇ ನಿಮಿಷಗಳಲ್ಲಿ ಒಂಬತ್ತು ಡಿಗ್ರಿ ಇಳಿದಿದೆ, ಮಳೆ ಶುರುವಾಗಿದೆ, ಬರಿಮೈ ಕುರಿಗೆ ಅಪಾಯ. ಗುರುವಾರ ಬರಬೇಕಾದದ್ದು ಬುಧವಾರವೇ ಬಂದಿತ್ತು. ಕಣಿವೆಯ ಎಲ್ಲ ಶೆಡ್‌ಗಳ ಕೂಗೂ ಒಂದೇ ಪಟ್ಟಿಯಲ್ಲಿ ಬಂದು ಬೀಳುವಂತೆ ಅವಳು ಮಾಡಿದ್ದಳು. ಇಂಥ ಗಾಳಿಗೆ ಒಂದರ ಹಿಂದೆ ಒಂದು ಬೀಳಬೇಕು. ಪಟ್ಟಿಯಲ್ಲಿ ಒಂದೇ ಸಾಲಿತ್ತು, ಅವಳದ್ದು.

ಅವಳ ಮನೆ ದಿಬ್ಬದ ಮೇಲಿದೆ, ಗಾಳಿ ಅಲ್ಲಿಗೆ ಮೊದಲು ಬರುತ್ತದೆ. ಎರಡು ನಿಮಿಷ ಕಾದಳು. ನಾಲ್ಕು ನಿಮಿಷ ಕಾದಳು. ಕಿಟಕಿಯ ಗಾಜಿಗೆ ಮಳೆ ಓರೆಯಾಗಿ ಹೊಡೆಯತೊಡಗಿತು. ಪಟ್ಟಿಗೆ ಎರಡನೆಯ ಸಾಲು ಬರಲಿಲ್ಲ.

ಕಟ್ಟೆಯ ಮೇಲಿನ ಚೀಲಗಳ ಮೇಲೆ ಅವಳ ಕಣ್ಣು ಬಿತ್ತು. ಮುಲ್ಡೂನ್. ಪೆಟ್ರಿ. ಹ್ಯಾಲೊರನ್. ವೆರಾ ಒಬ್ಬಳೇ ಹೋಗಿದ್ದಳು, ಒಂದೇ ಸಲ ಹೋಗಿದ್ದಳು. ಬೇಕರಿಯ ಹುಡುಗಿ ಕಂಡದ್ದು ಒಬ್ಬಳನ್ನು.

ಹಾಲ್‌ನ ಕಂಪ್ಯೂಟರೂ ಹಾಗೆಯೇ. ಊರು ಮತ್ತು ಅವಳ ಮನೆಯ ದಿಬ್ಬ ಬಿಟ್ಟರೆ ಕಣಿವೆಯಲ್ಲಿ ಎಲ್ಲೂ ಸಿಗ್ನಲ್ ಇಲ್ಲ. ಪ್ರತಿ ಭಾನುವಾರ ಅದು ಎಲ್ಲರ ಪರವಾಗಿ ಪ್ಲವರನ್ನು ಒಮ್ಮೆ ಇಳಿಸಿಕೊಂಡು, ಕಂಬದ ಮೇಲಿನ ರೇಡಿಯೋದಿಂದ ಇಪ್ಪತ್ಮೂರು ಶೆಡ್‌ಗಳಿಗೂ ಹಂಚುತ್ತದೆ. ಹಾಲ್‌ನ ಕಂಪ್ಯೂಟರ್ ಹೊಸದು. ಅದು ಹೋಗಿ ಕೇಳಿದಾಗ ಹೊಸ ಪ್ಲವರೇ ಸಿಕ್ಕಿದೆ. ಶೆಡ್‌ಗಳ ಪೆಟ್ಟಿಗೆಗಳು ಏನನ್ನೂ ಕೇಳುವುದಿಲ್ಲ, ಕೊಟ್ಟದ್ದನ್ನು ಹಾಕಿಕೊಳ್ಳುತ್ತವೆ. ಅವಳ ಮನೆಯದರಲ್ಲಿ ಹೊಸ ಪೈತಾನ್, ಆ ಪೆಟ್ಟಿಗೆಗಳಲ್ಲಿರುವುದು ಏಳು. ಹಾಗೆ ಅವುಗಳನ್ನು ಹೊಂದಿಸಿದವಳು ಅವಳೇ. ಏಳರ ಮೇಲೆ ಹೊಸ ಪ್ಲವರ್ ಮೊದಲ ಸಾಲಿನಲ್ಲೇ ನಿಂತುಹೋಗುತ್ತದೆ. ನಿಂತ ಪ್ಲವರ್ ಕೂಗುವುದಿಲ್ಲ. ಒಳ್ಳೆಯ ಹವೆಯ ಪ್ಲವರೂ ಕೂಗುವುದಿಲ್ಲ.

ಭಾನುವಾರದಿಂದ ಇಪ್ಪತ್ಮೂರೂ ಸತ್ತು ಕೂತಿದ್ದವು.

"ವೆರಾ, ಈ ವಾರ ಯಾರ್ಯಾರದ್ದು ಕತ್ತರಿಸಿ ಆಗಿದೆ?"

"ಕ್ಲೆಮ್‌ದೊಂದೇ. ನಮ್ಮದು ಶುಕ್ರವಾರ. ಯಾಕೆ, ಮುಖ ಹಿಂಗಾಯ್ತು?"

ಕ್ಲೆಮ್‌ನ ಮನೆಗೆ ಫೋನು ಮಾಡಿದಳು. ಬಾರಿಸಿತು, ಬಾರಿಸಿತು, ನಿಂತಿತು. ಮತ್ತೆ ಮಾಡಿದಳು. ಮೊಬೈಲು ಅವನು ಇಟ್ಟುಕೊಂಡವನಲ್ಲ. "ಎಲ್ಲರಿಗೂ ಫೋನ್ ಮಾಡು, ಹಕ್ಕಿ ಸತ್ತಿದೆ ಅಂತ ಹೇಳು, ಅಂಗಡಿ ನೋಡ್ಕೋ," ಎಂದು ವೆರಾಳ ಕೈಗೆ ಬೀಗದ ಕೈ ಕೊಟ್ಟು ಹೊರಬಿದ್ದಳು.

ಹತ್ತೊಂಬತ್ತು ಕಿಲೋಮೀಟರ್ ಜಲ್ಲಿ ರಸ್ತೆ. ಮೂರು ಗೇಟು. ಗೇಟು ತೆರೆದರೆ ಮುಚ್ಚಿ ಹೋಗಬೇಕು. ಆ ಅವಸರದಲ್ಲೂ ಇಳಿದು ತೆರೆದು, ಗಾಡಿ ದಾಟಿಸಿ, ಮತ್ತೆ ಇಳಿದು ಮುಚ್ಚಿದಳು. ಮಳೆಯ ನಡುವೆ ಹಿಮದ ಚೂರುಗಳು ಬೀಳುತ್ತಿದ್ದವು. ಬೆಳಿಗ್ಗೆ ಬಿಸಿಲು ಬಿದ್ದಿದ್ದ ಇಳಿಜಾರು ಈಗ ಬೂದಿ ಬಣ್ಣಕ್ಕೆ ತಿರುಗಿ, ಎಲ್ಲಿ ನೆಲ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅವಳು ಮನಸ್ಸಿನಲ್ಲಿ ತಾಸುಗಳನ್ನು ಎಣಿಸಿದಳು. ಗಾಳಿ ತಿರುಗಿದ್ದು ಹನ್ನೆರಡೂಕಾಲಿಗೆ. ಅವಳ ಕುರಿಗಳಿಗೆ ಆ ವರ್ಷ ಸಾಯಲು ನಾಲ್ಕು ತಾಸು ಸಾಕಾಗಿತ್ತು.

ಶೆಡ್‌ನಲ್ಲಿ ಕ್ಲೆಮ್ ಉಣ್ಣೆ ಒತ್ತುವ ಯಂತ್ರದ ಮೇಲೆ ನಿಂತು ಮೂಟೆಗೆ ಬಾಯಿ ಹೊಲಿಯುತ್ತಿದ್ದ. ರೇಡಿಯೋದಲ್ಲಿ ಕುದುರೆ ಪಂದ್ಯ ಕೂಗಿ ಹೇಳುತ್ತಿದ್ದರು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು ಅವನಿಗೆ ಕೇಳಿಸದೆ ಇರಲಿಲ್ಲ. ಅವಳು ಒದ್ದೆಯಾಗಿ ಬಾಗಿಲಲ್ಲಿ ನಿಂತದ್ದು ಕಂಡು ನಕ್ಕ.

"ಏನು ಹುಡುಗಿ, ಬ್ರೆಡ್ಡು ಮನೆ ಬಾಗಿಲಿಗೇ ಬಂತಾ?"

"ಕುರಿ ಎಲ್ಲಿ?"

"ಮೇಲೆ, ಗುಡ್ಡದ ಮೇಲೆ. ಸ್ವಲ್ಪ ಮಳೆ. ನಿನ್ನ ಹಕ್ಕಿ ಕೂಗಲಿಲ್ವಲ್ಲ."

"ಅದು ಕೂಗಲ್ಲ ಕ್ಲೆಮ್. ಭಾನುವಾರದಿಂದ ಸತ್ತಿದೆ."

ಅವನು ಕೈಯಲ್ಲಿದ್ದ ದಬ್ಬಳವನ್ನು ಮೂಟೆಗೆ ಚುಚ್ಚಿ ಅಲ್ಲೇ ಬಿಟ್ಟ. ನಾಯಿಗೆ ಶಿಳ್ಳೆ ಹಾಕುತ್ತ ಅವಳ ಪಕ್ಕದಿಂದ ಹಾದುಹೋದ.

ಬೆನ್ನಿಗೆ ಗಾಳಿ ಕೊಟ್ಟುಕೊಂಡು ನಡೆಯುವುದು ಕುರಿಯ ಸ್ವಭಾವ. ನಡೆನಡೆದು ಉತ್ತರದ ಬೇಲಿಯ ಮೂಲೆಗೆ ಬಂದಿದ್ದವು. ಮುಂದಿನವು ತಂತಿಗೆ ಒತ್ತಿಕೊಂಡಿದ್ದವು, ಹಿಂದಿನವು ಅವುಗಳ ಮೇಲೆ ಹತ್ತಲು ನೋಡುತ್ತಿದ್ದವು. ಕತ್ತರಿಯ ಗೆರೆಗಳು ಕಾಣುವ ಬೆತ್ತಲೆ ಮೈ, ಕೆಳಗೆ ತೂಗುವ ಗಬ್ಬದ ಹೊಟ್ಟೆ. ಒಂದೂ ಅರಚುತ್ತಿರಲಿಲ್ಲ. ಅದೇ ಮೌನವನ್ನು ಐಲ್ಸಾ ಹನ್ನೆರಡು ವರ್ಷದ ಹಿಂದೆ ಕೇಳಿದ್ದಳು. ಅವಳು ಅಲ್ಲೇ ನಿಂತಳು.

"ನಿಂತ್ಕೋಬೇಡ, ತಂತಿ ಕತ್ತರಿಸು," ಎಂದು ಕ್ಲೆಮ್ ಗಾಡಿಯಿಂದ ಇಕ್ಕಳ ಎಸೆದ.

ಮೂಲೆಯ ಐದು ಎಳೆ ತಂತಿಯನ್ನೂ ಕತ್ತರಿಸಿದಳು. ಬೇಲಿಯಾಚೆ ಇಳಿಜಾರು, ಅದರ ಕೆಳಗೆ ನೀಲಗಿರಿ ಮರಗಳು ಒತ್ತಾಗಿ ಬೆಳೆದ ಕೊರಕಲು. ಅಲ್ಲಿಗೆ ಈ ಗಾಳಿ ಇಳಿಯುವುದಿಲ್ಲ. ಕುರಿಗಳು ಮೊದಲು ಕದಲಲಿಲ್ಲ. ಕ್ಲೆಮ್ ಒಂದನ್ನು ಹೆಗಲಿಗೆ ಹಾಕಿಕೊಂಡು ಸಂದಿಯಿಂದ ದಾಟಿ ಇಳಿಯತೊಡಗಿದ. ಅದನ್ನು ನೋಡಿ ಇನ್ನೊಂದು ಇಳಿಯಿತು. ನಾಯಿ ಹಿಂದಿನಿಂದ ಒತ್ತಿತು. ಆಮೇಲೆ ಹಿಂಡು ನೀರಿನಂತೆ ಸುರಿಯಿತು. ಬಿದ್ದವುಗಳನ್ನು ಇಬ್ಬರೂ ಎರಡೆರಡಾಗಿ ಗಾಡಿಯ ಹಿಂದಕ್ಕೆ ಹೇರಿ ಶೆಡ್‌ಗೆ ಸಾಗಿಸಿದರು. ಏಳು ಸುತ್ತು ಹೊಡೆದರು. ಐದಕ್ಕೆ ಮುಂಚೆ ಬದುಕಿದ್ದವೆಲ್ಲ ಮರೆಯಲ್ಲಿದ್ದವು.

ಮೂಲೆಯಲ್ಲಿ ಹತ್ತೊಂಬತ್ತು ಉಳಿದಿದ್ದವು.

ಶೆಡ್‌ನಲ್ಲಿ ಕ್ಲೆಮ್ ಕೆಟಲ್ ಇಟ್ಟ. ಎತ್ತಿ ತಂದ ಕುರಿಗಳು ಹಲಗೆಯ ಮೇಲೆ ಒತ್ತೊತ್ತಾಗಿ ನಿಂತು ನಡುಗುತ್ತಿದ್ದವು; ಆವಿಯಾಡುತ್ತಿತ್ತು. ಐಲ್ಸಾ ಮೂಟೆಯ ಮೇಲೆ ಕುಳಿತು, ಎಲ್ಲವನ್ನೂ ಹೇಳಿದಳು. ಏಳು, ಹಾಲ್‌ನ ಕಂಪ್ಯೂಟರ್, ನಾಲ್ಕು ಡೌನ್‌ಲೋಡು, ಆರು ವಾರ ಹುಡುಕಿದ ಮನುಷ್ಯ. ಹಸಿರು ಸ್ವೆಟರಿನ ಮಾತು ಮಾತ್ರ ಹೇಳಲಿಲ್ಲ. ಕ್ಲೆಮ್ ಚಹಾ ಕುಡಿಯುತ್ತ ಕೇಳಿದ.

"ಆ ನಾಲ್ಕನೇಯೋನು, ಅವನ ಬಗ್ಗೆ ಆರು ವಾರ ಯೋಚನೆ ಮಾಡ್ದೆ."

"ಹೂಂ."

"ನನ್ನ ಬಗ್ಗೆ?"

ಅವಳು ಬಟ್ಟಲನ್ನು ಹಲಗೆಯ ಮೇಲಿಟ್ಟಳು.

"ಆರು ವಾರದಲ್ಲಿ ನಾನು ನಿನ್ನ ಅಂಗಡಿಗೆ ಆರು ಸಲ ಬಂದೆ. ಏನೋ ಬರೆದು ಹಾಕಿದ್ದೆ ಅಂದ್ಯಲ್ಲ, ಎಲ್ಲಿ ಹಾಕಿದ್ದೆ?"

"ಪ್ಲವರ್‌ನ ಪುಟದಲ್ಲಿ."

"ಅಂಗಡಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ರೆ ನಾನು ಓದ್ತಿದ್ದೆ. ಕಳೆದುಹೋದ ನಾಯಿ, ಮಾರೋಕಿರೋ ಟ್ರ್ಯಾಕ್ಟರು, ಎಲ್ಲಾ ಓದ್ತೀನಿ." ಅವನು ಮತ್ತಷ್ಟು ಚಹಾ ಬಗ್ಗಿಸಿಕೊಂಡ: "ಡಿಂಫ್ನಾ ಇದ್ದಿದ್ರೆ ಇವತ್ತು ನಿನ್ನನ್ನ ಬಿಡ್ತಿರಲಿಲ್ಲ. ಮೂವತ್ತು ವರ್ಷ ಒಂದೊಂದಾಗಿ ಆರಿಸಿ ಮಾಡಿದ ಹಿಂಡು ಅವಳದ್ದು. ನಾನು ಮೂಟೆ ಹೊಲಿಯೋನು, ಅಷ್ಟೇ." ಹೆಂಡತಿ ಸತ್ತು ಎರಡು ವರ್ಷವಾಗಿತ್ತು. ಅವಳ ಹೆಸರನ್ನು ಅವನ ಬಾಯಲ್ಲಿ ಐಲ್ಸಾ ಕೇಳಿದ್ದು ಬಹಳ ಕಡಿಮೆ.

ಅವಳು ಎದ್ದು ಗೋಡೆಯ ಪೆಟ್ಟಿಗೆಯ ಮುಂದೆ ನಿಂತಳು. ದೀಪ ಉರಿಯುತ್ತಿತ್ತು. ನೋಡಿದವರು ಬದುಕಿದೆ ಎಂದೇ ಅಂದುಕೊಳ್ಳಬೇಕು.

ಮರುದಿನ ಗುರುವಾರ. ಬುಧವಾರ ಸಂಜೆಯೇ ಐಲ್ಸಾ ಹೊಸ ಪ್ಲವರನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನೂ ಅದರ ಕಾರಣ ಬರೆದದ್ದನ್ನೂ ಪಾನಿಯಾ ನೋಡಿದ್ದಳು. ಟೋಸ್ಟ್ ತಟ್ಟೆಯಲ್ಲೇ ಇತ್ತು.

"ಹತ್ತೊಂಬತ್ತು," ಎಂದಳು.

"ಹತ್ತೊಂಬತ್ತು. ನಿನ್ನೆಗೆ. ಇನ್ನೂ ಕೆಲವು ಮರಿ ಹಾಕೋವಾಗ ಹೋಗ್ತಾವೆ."

"ಸಾಲು ಸರಿಯಾಗಿತ್ತಲ್ಲ ಐಲ್ಸಾ. ನಾನೂ ನೋಡಿದ್ದೆ."

"ಸಾಲು ಸರಿಯಾಗೇ ಇತ್ತು. ಅಂಕಿನೂ ಸರಿಯಾಗೇ ಇತ್ತು. ನಾನು ಅಂಕಿ ನೋಡ್ದೆ, ನಮ್ಮೂರು ನೋಡಲಿಲ್ಲ."

ಪಾನಿಯಾ ಮುಖ ಉಜ್ಜಿಕೊಂಡಳು. "ಇನ್ನೊಂದು ಹೇಳ್ಬೇಕು. ಬೈಯೋದಾದ್ರೆ ಬೈದುಬಿಡು. ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಆ ನಾಲ್ಕನೇದನ್ನ ಹಿಡಿದು ನೋಡ್ದೆ. ಜುಲೈ ಒಂಬತ್ತು. ಅವತ್ತು ನಾನು ಮಗಳಿಗೆ ಅಂತ ಅಟ್ಟದ ಮೇಲಿಂದ ನನ್ನ ಹಳೇ ಲ್ಯಾಪ್‌ಟಾಪ್ ಇಳಿಸಿದ್ದೆ. ಓಡುತ್ತಾ ನೋಡೋಣ ಅಂತ ಪ್ಲವರ್ ಹಾಕಿ ನೋಡಿದ್ದೆ."

ಐಲ್ಸಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಗುಡ್ಡ, ಸ್ವೆಟರು, ಕುಂಟು ನಾಯಿ ಎಲ್ಲ ಒಟ್ಟಿಗೆ ಹೊರಟುಹೋದವು. ನಗು ಬರಬೇಕಿತ್ತು, ಬರಲಿಲ್ಲ.

"ಏಳನ್ನ ಇಟ್ಕೊಳ್ಳೋಣ," ಎಂದಳು.

"ಎಲ್ಲೀ ತನಕ? ಕೋಪ ಮಾಡ್ಕೋಬೇಡ, ಕೇಳ್ಲೇಬೇಕು. ಯಾವತ್ತಿಗೂ ಅಂದ್ರೆ ನನ್ನ ಕೈಲಾಗಲ್ಲ. ನಾವು ಇಬ್ಬರೇ."

"ಡಿಸೆಂಬರ್ ತನಕ. ಕತ್ತರಿಸೋದು, ಮರಿ ಹಾಕೋದು ಎಲ್ಲಾ ಅಷ್ಟ್ರಲ್ಲಿ ಮುಗಿಯುತ್ತೆ. ಆಮೇಲೆ ನಾನೇ ಇಪ್ಪತ್ಮೂರು ಶೆಡ್ಡಿಗೂ ಹೋಗಿ ಪೆಟ್ಟಿಗೆ ಬದಲಾಯಿಸ್ತೀನಿ. ಕೊನೇದು ಬದಲಾದ ದಿನ ಏಳನ್ನ ಬಿಡೋಣ. ಅದಕ್ಕೆ ಮುಂಚೆ ಬೇಡ."

"ಭಾಷೆ ಮಾಡೋರು ಇಟ್ಟಿರೋ ದಿನ ಬೇರೆ, ನಿನ್ನ ಕುರಿ ಇಡೋ ದಿನ ಬೇರೆ."

"ಹೌದು."

"ಸರಿ," ಎಂದಳು ಪಾನಿಯಾ. "ಏಳರಲ್ಲಿ ಕೆಡೋ ಪರೀಕ್ಷೆ ಮಾತ್ರ ಇನ್ನು ನಿಂದು. ಶನಿವಾರ ನಾನು ನೆಟ್‌ಬಾಲಿಗೆ ಹೋಗ್ತೀನಿ."

"ಹೋಗು. ಇನ್ನೊಂದು ಸೇರಿಸ್ತಿದೀನಿ. ದಿನಾ ಬೆಳಿಗ್ಗೆ ಏಳೂವರೆಗೆ ಪ್ರತಿಯೊಂದೂ ಒಂದು ಸಲ ಕೂಗಬೇಕು. ಸುಮ್ನೆ. ಬದುಕಿದೀನಿ ಅಂತ."

ಶುಕ್ರವಾರ ಅಂಗಡಿಯ ಬಾಗಿಲಿಗೆ ಅವಳು ಚೀಟಿ ಅಂಟಿಸಿದಳು. ಕಳೆದುಹೋದ ನಾಯಿಯ ಚೀಟಿಯ ಪಕ್ಕದಲ್ಲಿ, ಕೈಬರಹದಲ್ಲಿ, ತಪ್ಪು ಯಾರದೆಂದು ಮೊದಲ ಸಾಲಿನಲ್ಲೇ ಬರೆದು. ಜನ ಬ್ರೆಡ್ಡಿಗೆ ಬಂದಾಗ ನಿಂತು ಓದಿದರು. ಒಬ್ಬಿಬ್ಬರು ಅವಳ ಕಡೆ ನೋಡದೆ ಹೋದರು. ಮುಲ್ಡೂನ್‌ರು ತಮ್ಮ ಕತ್ತರಿಕೆಯನ್ನು ಮುಂದಕ್ಕೆ ಹಾಕಿದರು.

ಭಾನುವಾರ ಬೆಳಗಿನ ಮೊದಲ ಕೂಗು ಇಪ್ಪತ್ಮೂರೂ ಶೆಡ್‌ಗಳಿಂದ ಬಂದಿತ್ತು. ಸೋಮವಾರ ಬೆಳಿಗ್ಗೆ ಏಳೂವರೆಗೆ ಅವಳು ಅಡುಗೆಮನೆಯ ಮೇಜಿನ ಮುಂದೆ ಫೋನು ಹಿಡಿದು ಕುಳಿತಿದ್ದಳು. ಪಕ್ಕದಲ್ಲಿ ಇಪ್ಪತ್ಮೂರು ಹೆಸರಿನ ಹಾಳೆ. ಪೆಟ್ರಿ ಬಂತು. ಮುಲ್ಡೂನ್ ಬಂತು. ಬಂದಂತೆ ಗೀಟು ಹಾಕುತ್ತ ಹೋದಳು. ಎರಡು ನಿಮಿಷದಲ್ಲಿ ಇಪ್ಪತ್ತೆರಡು ಗೀಟು. ಹ್ಯಾಲೊರನ್ ಬರಲಿಲ್ಲ.

ಏಳು ಮೂವತ್ತಾರು. ಹೊರಗೆ ಬಿಸಿಲಿತ್ತು, ತೊಟ್ಟಿಯ ಮುಚ್ಚಳ ಬಡಿಯುತ್ತಿರಲಿಲ್ಲ. ಏಳು ನಲವತ್ತು. ಚಹಾದ ಮೇಲೆ ಕೆನೆ ಕಟ್ಟಿತು. ಹಾಲ್‌ನ ಕಂಪ್ಯೂಟರ್ ನೋಡಿದಳು, ಹಳೆಯ ಪ್ಲವರ್ ಎಲ್ಲ ಕಡೆಗೂ ಹೋಗಿತ್ತು, ಅಲ್ಲಿಗೂ ಹೋಗಿತ್ತು. ಏಳು ನಲವತ್ತೆಂಟಕ್ಕೆ ಎದ್ದು ಗಾಡಿಯ ಕೀಲಿ ತೆಗೆದುಕೊಂಡಳು. ಬಾಗಿಲಲ್ಲಿದ್ದಾಗ ಫೋನು ಬಾರಿಸಿತು.

"ಹುಡುಗಿ, ನಿನ್ನ ಹಕ್ಕಿಗೆ ಹುಚ್ಚು ಹಿಡಿದಿದೆ," ಎಂದ ಕ್ಲೆಮ್. "ನಿನ್ನೆ ಬೆಳಿಗ್ಗೆ ಒಳ್ಳೇ ಬಿಸಿಲಲ್ಲಿ ಕೂಗ್ತು. ನಾನು ಚಪ್ಪಲೀಲೇ ಗುಡ್ಡ ಹತ್ತಿ ಬಂದೆ. ನಾಯಿ ಇನ್ನೂ ಮಂಚದ ಕೆಳಗಿಂದ ಬಂದಿಲ್ಲ. ಪೆಟ್ಟಿಗೆಯ ಕರೆಂಟ್ ವಯರ್ ಕಿತ್ತು ಹಾಕಿದೀನಿ."

ಐಲ್ಸಾ ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿ ಮೇಜಿಗೆ ಮರಳಿದಳು. ಚೀಟಿಯಲ್ಲಿ ಬೆಳಗಿನ ಕೂಗಿನ ವಿಷಯ ಬರೆದಿದ್ದಳು. ಕ್ಲೆಮ್ ಶುಕ್ರವಾರ ಅಂಗಡಿಗೆ ಬಂದಿರಲಿಲ್ಲ. ಅವನ ಬ್ರೆಡ್ಡನ್ನು ವೆರಾ ಒಯ್ದಿದ್ದಳು.

"ಅದು ಹುಚ್ಚಲ್ಲ ಕ್ಲೆಮ್. ನಾನೇ ಮಾಡಿದ್ದು. ದಿನಾ ಒಂದು ಸಲ ಕೂಗುತ್ತೆ, ಬದುಕಿದೆ ಅಂತ. ಕೂಗದಿದ್ರೆ ಸತ್ತಿದೆ ಅಂತ. ವಯರ್ ಸಿಕ್ಕಿಸು."

"ಆಮೇಲೆ ಸಿಕ್ಕಿಸ್ತೀನಿ. ಮೊಟ್ಟೆ ಬೇಯ್ತಾ ಇದೆ."

"ಈಗ್ಲೇ ಸಿಕ್ಕಿಸು."

"ಈಗ್ಲೇನಾ?"

"ಈಗ್ಲೇ. ನಾನು ಫೋನ್ ಇಡಲ್ಲ."

ಆ ತುದಿಯಲ್ಲಿ ಒಂದು ನಿಟ್ಟುಸಿರು ಕೇಳಿತು. ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಬೂಟಿನ ಸದ್ದು, ಜಾಲರಿ ಬಾಗಿಲು ಬಡಿದ ಸದ್ದು. ಆಮೇಲೆ ಏನೂ ಇಲ್ಲ. ಬಾಣಲೆಯಲ್ಲಿ ಕೊಬ್ಬು ಚಟಪಟ ಎನ್ನುವುದು, ಎಲ್ಲೋ ಒಂದು ಕುರಿ ಅರಚುವುದು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಪೆಟ್ಟಿಗೆಗೆ ಕರೆಂಟು ಬಂದಾಗಲೂ ಪ್ಲವರ್ ಒಮ್ಮೆ ಕೂಗುತ್ತದೆ, ಅದಕ್ಕೆ ನಲವತ್ತು ಸೆಕೆಂಡು ಬೇಕು. ನಲವತ್ತು ಎಣಿಸಿದಳು. ಐವತ್ತು ಎಣಿಸಿದಳು. ಅವನು ಶೆಡ್‌ಗೆ ನಡೆದುಹೋಗುವ ದಾರಿಯನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ಹೊಳೆದು, ಒಂದರಿಂದ ಮತ್ತೆ ಶುರು ಮಾಡಿದಳು.

ಮೂವತ್ತೊಂದಕ್ಕೆ, ದೂರದಲ್ಲಿ, ತಗಡಿನ ಗೋಡೆಗಳ ಆಚೆಯಿಂದ, ಹಳೆಯ ಯೂಟ್‌ನ ಹಾರ್ನ್ ಒಮ್ಮೆ ಕೂಗಿತು. ಮಂಚದ ಕೆಳಗಿನ ನಾಯಿ ಫೋನಿನ ಹತ್ತಿರವೇ ಬೊಗಳಿತು.

ಐಲ್ಸಾ ಹಾಳೆಯ ಮೇಲೆ ಇಪ್ಪತ್ಮೂರನೆಯ ಗೀಟು ಹಾಕಿದಳು. ಕ್ಲೆಮ್ ಮರಳಿ ಬಂದು ಸುಟ್ಟ ಮೊಟ್ಟೆಗೆ ಬೈಯುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.